150 ದನಿಗಳ ನಡುವೆ ನನ್ನ ದನಿ ಯಾರಿಗೆ ಕೇಳಿಸುತ್ತದೆ?

ಪ್ರಶ್ನೆ: ನಾಲ್ಕು ವರ್ಷದಿಂದ 20 ಜನರ ಒಂದು ಸಣ್ಣ ಕ್ವಾಯರ್‌ನಲ್ಲಿ ಆಲ್ಟೊ, ಅಂದರೆ ಹೆಂಗಸರ ಕೆಳದನಿ, ಹಾಡುತ್ತಿದ್ದೇನೆ. ಈಗ ವೃತ್ತಿಪರ ಆರ್ಕೆಸ್ಟ್ರಾ ಒಂದಕ್ಕೆ ಸೇರಿದ ಸಿಂಫನಿ ಕೋರಸ್‌ನವರು ಆಡಿಷನ್‌ಗೆ ಕರೆದಿದ್ದಾರೆ. ಅಲ್ಲಿ ಸುಮಾರು 150 ಜನ ಹಾಡುತ್ತಾರೆ. ಅಷ್ಟು ಜನರ ನಡುವೆ ನನ್ನೊಬ್ಬಳ ದನಿ ಇದ್ದರೆಷ್ಟು, ಬಿಟ್ಟರೆಷ್ಟು ಅನ್ನಿಸುತ್ತಿದೆ. ವಾದ್ಯ ನುಡಿಸುವವರಿಗೆ ಸಂಬಳ ಇದೆ, ಹಾಡುವವರಿಗೆ ಇಲ್ಲವಂತೆ. ಇದು ನ್ಯಾಯವಾ? ಆಡಿಷನ್‌ನಲ್ಲಿ ಏನು ನೋಡುತ್ತಾರೆ? ನಾನು ಹೋಗಬೇಕಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ಹೋಗಿ.

ನಾನು ಇಂಥದ್ದೇ ಒಂದು ಕೋರಸ್‌ನ ಬಾಸ್ ಸಾಲಿನಲ್ಲಿ, ಅಂದರೆ ಗಂಡಸರ ಕೆಳದನಿಯ ಸಾಲಿನಲ್ಲಿ, ವರ್ಷಗಟ್ಟಲೆ ಹಾಡಿದ್ದೇನೆ. ಆಮೇಲೆ, ಹಾಡುವವರಿಗೆ ಕಲಿಸುವ ಕೋರಸ್ ಮಾಸ್ಟರ್‌ಗೆ ಸಹಾಯಕನಾಗಿ ಆಡಿಷನ್ ಕೋಣೆಯಲ್ಲೂ ಕೂತಿದ್ದೇನೆ. ಸಣ್ಣ ಕ್ವಾಯರ್‌ನಿಂದ ಬಂದವರಲ್ಲಿ ಹೆಚ್ಚಿನವರು ನೀವು ಕೇಳಿದ್ದನ್ನೇ ಕೇಳುತ್ತಾರೆ. 20 ಜನರಲ್ಲಿ ಒಬ್ಬರಾಗಿ ಹಾಡಿದವರಿಗೆ 150 ಜನರಲ್ಲಿ ಕಳೆದುಹೋಗುತ್ತೇನೆ ಅನ್ನುವ ಭಯ ಇದ್ದೇ ಇರುತ್ತದೆ. ಆದರೆ ಆ ಭಯದ ಹಿಂದೆ ಒಂದು ತಪ್ಪು ಲೆಕ್ಕ ಇದೆ. ದೊಡ್ಡ ಕೋರಸ್ ಇರುವುದು ಜೋರಾಗಿ ಹಾಡುವುದಕ್ಕೆ ಅಂತ ನಾವು ಅಂದುಕೊಂಡಿರುತ್ತೇವೆ. ನನ್ನ ಪ್ರಕಾರ ಅದು ಇರುವುದು ಮೆಲ್ಲಗೆ ಹಾಡುವುದಕ್ಕೆ.

ಲೆಕ್ಕವನ್ನೇ ನೋಡಿ. ಹಾಡುವವರು ಎರಡು ಪಟ್ಟಾದರೆ ಸದ್ದು ಸುಮಾರು 3 ಡೆಸಿಬೆಲ್ ಏರುತ್ತದೆ. ಹತ್ತು ಪಟ್ಟಾದರೆ ಸುಮಾರು 10 ಡೆಸಿಬೆಲ್. ಸದ್ದು 10 ಡೆಸಿಬೆಲ್ ಏರಿದಾಗ ನಮ್ಮ ಕಿವಿಗೆ ಹೆಚ್ಚುಕಮ್ಮಿ ಎರಡು ಪಟ್ಟು ಜೋರು ಅನ್ನಿಸುತ್ತದೆ, ಅಷ್ಟೇ. ಅಂದರೆ 15 ಜನರ ಬದಲು 150 ಜನ ನಿಂತು ಹಾಡಿದರೂ ಕೂತು ಕೇಳುವವರಿಗೆ ಸಿಗುವುದು ಎರಡು ಪಟ್ಟು ಜೋರು. ಬರೀ ಜೋರಿಗಾಗಿ ಇಷ್ಟು ಜನರನ್ನು ಕಲೆಹಾಕಿ, ತಿಂಗಳುಗಟ್ಟಲೆ ಕಲಿಸಿ, ವೇದಿಕೆಗೆ ಹತ್ತಿಸುವ ಕಷ್ಟ ಯಾರೂ ಪಡುವುದಿಲ್ಲ.

ಹಾಗಾದರೆ ಸಿಗುವುದೇನು? ದನಿಗೆ ಒಂದು ಮೈ ಬರುತ್ತದೆ. 40 ಆಲ್ಟೊಗಳು ಒಂದೇ ಸ್ವರ ಹಿಡಿದಾಗ ಅವರ ಶ್ರುತಿ ಕೂದಲೆಳೆಯಷ್ಟಾದರೂ ಆಚೀಚೆ ಇರುತ್ತದೆ. ಒಬ್ಬೊಬ್ಬರ ದನಿಯ ಕಂಪನವೂ ಬೇರೆ. ಆ ಸಣ್ಣ ವ್ಯತ್ಯಾಸಗಳು ಒಂದರ ಮೇಲೊಂದು ಬಿದ್ದು, ಯಾರ ದನಿಯೂ ಅಲ್ಲದ ಒಂದು ಹೊಸ ದನಿ ಹುಟ್ಟುತ್ತದೆ. ಒಬ್ಬರೇ ತೀರಾ ಮೆಲ್ಲಗೆ ಹಾಡಿದರೆ ದನಿ ನಡುಗುತ್ತದೆ, ಉಸಿರಿನ ಸದ್ದು ಸೇರಿಕೊಳ್ಳುತ್ತದೆ, ಕೊನೆಯ ಸಾಲಿನವರಿಗೆ ತಲುಪುವುದೇ ಇಲ್ಲ. ಅದೇ 150 ಜನ ಅಷ್ಟೇ ಮೆಲ್ಲಗೆ ಹಾಡಲಿ. ಸಭಾಂಗಣದ ಮೂಲೆ ಮೂಲೆಗೂ ಹೋಗುತ್ತದೆ, ಆದರೂ ಪಿಸುಮಾತಿನ ಹಾಗೇ ಇರುತ್ತದೆ. ಬೇರೆ ಯಾವ ವಾದ್ಯದಿಂದಲೂ ಈ ಸದ್ದು ಬರುವುದಿಲ್ಲ.

ಸಂಗೀತ ರಚನಕಾರ ಮಾಲರ್ ಅವರ ಎರಡನೇ ಸಿಂಫನಿಯ ಉದಾಹರಣೆ ಕೊಡುತ್ತೇನೆ. 1895ರಲ್ಲಿ ಬರ್ಲಿನ್‌ನಲ್ಲಿ ಮೊದಲ ಸಲ ಪೂರ್ತಿಯಾಗಿ ನುಡಿಸಿದ ಕೃತಿ ಇದು. ಒಟ್ಟು 80ರಿಂದ 90 ನಿಮಿಷ. ಕೋರಸ್ ಮೊದಲಿನಿಂದಲೂ ವೇದಿಕೆಯ ಮೇಲೇ ಕೂತಿರುವುದು ವಾಡಿಕೆ. ಆದರೆ ಒಂದು ಗಂಟೆಗಿಂತ ಜಾಸ್ತಿ ಹೊತ್ತು ಒಂದು ಸ್ವರವನ್ನೂ ಹಾಡುವುದಿಲ್ಲ. ಎದುರಿಗೆ ಆರ್ಕೆಸ್ಟ್ರಾ ಗುಡುಗುತ್ತಿರುತ್ತದೆ. ಗಂಟಲು ಒಣಗುತ್ತದೆ. ಕೆಮ್ಮುವ ಹಾಗಿಲ್ಲ, ಕಾಲು ಚಾಚುವ ಹಾಗಿಲ್ಲ. ಕೊನೆಯ ಭಾಗದಲ್ಲಿ ಎಲ್ಲ ಸದ್ದೂ ಅಡಗಿ, ವೇದಿಕೆಯ ಆಚೆ ಎಲ್ಲೋ ದೂರದಲ್ಲಿ ಹಾರ್ನ್, ಟ್ರಂಪೆಟ್ ಕೂಗುತ್ತವೆ. ಒಂದು ಕೊಳಲು ಹಕ್ಕಿಯ ಹಾಗೆ ಉಲಿಯುತ್ತದೆ. ಅದೂ ನಿಲ್ಲುತ್ತದೆ. ಆಗ ಕೋರಸ್ ಶುರು ಮಾಡಬೇಕು. ವಾದ್ಯದ ಆಸರೆ ಇಲ್ಲ. ಸ್ಕೋರ್‌ನಲ್ಲಿ, ಅಂದರೆ ಸ್ವರ ಬರೆದ ಪುಸ್ತಕದಲ್ಲಿ, ಒಂದು 'ಪಿ' ಬರೆದಿದ್ದರೆ ಮೆಲ್ಲಗೆ ಅಂತ ಅರ್ಥ. ಇಲ್ಲಿ ಬರೆದಿರುವುದು ಮೂರು 'ಪಿ'. ಎದುರು ನಿಂತು ಕೈಸನ್ನೆಯಿಂದ ಎಲ್ಲರನ್ನೂ ನಡೆಸುವ ಕಂಡಕ್ಟರ್‌ಗಳಲ್ಲಿ ಈ ಜಾಗವನ್ನು ಕೂತೇ ಹಾಡಿಸುವವರು ಬಹಳ ಜನ. 150 ಜನ ಒಮ್ಮೆಲೇ ಎದ್ದರೆ ಆ ಸದ್ದಿಗೇ ಎಲ್ಲವೂ ಕೆಟ್ಟುಹೋಗುತ್ತದೆ.

ನಾನು ಮೊದಲ ಸಲ ಇದನ್ನು ಹಾಡಿದ ರಾತ್ರಿ ಇವತ್ತಿಗೂ ಕಣ್ಣ ಮುಂದೆ ಇದೆ. ಪುಟ ತಿರುವುವ ಸದ್ದು ಕೇಳಿಸಬಾರದು ಅಂತ ನಮ್ಮ ಕೋರಸ್ ಮಾಸ್ಟರ್ ಒಂದು ಉಪಾಯ ಹೇಳಿಕೊಟ್ಟಿದ್ದರು. ಆರ್ಕೆಸ್ಟ್ರಾ ಅಬ್ಬರಿಸುವ ಕೊನೆಯ ಜಾಗದಲ್ಲೇ ಎಲ್ಲರೂ ನಮ್ಮ ಪುಟ ತೆಗೆದು ಇಟ್ಟುಕೊಂಡಿದ್ದೆವು. ಕೊಳಲು ನಿಂತಿತು. ಕಂಡಕ್ಟರ್ ಕೋಲು ಕೆಳಗಿಟ್ಟು ಬರೀ ಕೈ ಎತ್ತಿದರು. ಅದೇ ಕ್ಷಣಕ್ಕೆ ನನ್ನ ಹಿಂದಿನ ಸಾಲಿನವರೊಬ್ಬರ ಫೋಲ್ಡರ್‌ನಿಂದ ಪೆನ್ಸಿಲ್ ಜಾರಿತು. ಕೋರಸ್‌ಗೆ ಕಟ್ಟಿದ ಮರದ ಮೆಟ್ಟಿಲುಗಳ ಮೇಲೆ ಟಕ್, ಟಕ್, ಟಕ್ ಅಂತ ಒಂದೊಂದಾಗಿ ಇಳಿಯಿತು. ಕಂಡಕ್ಟರ್ ಕೈ ಹಾಗೇ ಹಿಡಿದು ಕಾದರು. ಪೆನ್ಸಿಲ್ ನಿಂತ ಮೇಲೆ ಹಾಡಿದೆವು. ಸಾವಿರಾರು ಜನ ಕೂತಿದ್ದ ಆ ಹಾಲ್‌ನಲ್ಲಿ ಒಂದು ಪೆನ್ಸಿಲ್ ಅಷ್ಟು ಸ್ಪಷ್ಟವಾಗಿ ಕೇಳಿಸಿತು. ಹಾಗಾದರೆ ಅಂಥ ಜಾಗದಲ್ಲಿ ಒಬ್ಬ ಆಲ್ಟೊ ಒಂದಿಷ್ಟು ಜೋರಾದರೆ, ಅರ್ಧ ಕ್ಷಣ ಮೊದಲೇ ಬಾಯಿ ತೆರೆದರೆ, ಕೇಳಿಸುವುದಿಲ್ಲ ಅಂದುಕೊಂಡಿರಾ? ಇದ್ದರೆಷ್ಟು ಬಿಟ್ಟರೆಷ್ಟು ಅನ್ನುವ ಮಾತು ಅಲ್ಲಿ ನಡೆಯುವುದಿಲ್ಲ.

ಜೋರಾದ ಜಾಗಗಳು ಇಲ್ಲ ಅಂತಲ್ಲ. ಸತ್ತವರಿಗಾಗಿ ಹಾಡುವ ಕೃತಿಗೆ ರೆಕ್ವಿಯಂ ಅನ್ನುತ್ತಾರೆ; ವೆರ್ದಿ ಅವರ ರೆಕ್ವಿಯಂನಲ್ಲಿ 'ದೀಯೆಸ್ ಈರೇ' ಅನ್ನುವ ಭಾಗ ಶುರುವಾದಾಗ ದೊಡ್ಡ ಡ್ರಮ್ಮಿನ ಪೆಟ್ಟಿಗೆ ಎದೆ ಅದುರುತ್ತದೆ. ಆದರೆ 1874ರ ಈ ಕೃತಿ ತೆರೆದುಕೊಳ್ಳುವುದು ಹೇಗೆ? ಕೇಳಿಸಿಯೂ ಕೇಳಿಸದ ಹಾಗೆ ಚೆಲ್ಲೊಗಳು, ಆಮೇಲೆ ಗೊಣಗಿದ ಹಾಗೆ ಕೋರಸ್. ಆ ಮೊದಲಿನ ನಿಮಿಷಗಳನ್ನು ಸರಿಯಾಗಿ ಹಾಡಿದ ಕೋರಸ್‌ಗೆ ಮಾತ್ರ ಆಮೇಲಿನ ಗುಡುಗು ದಕ್ಕುತ್ತದೆ.

ಸಣ್ಣ ಕ್ವಾಯರ್‌ನಿಂದ ಬರುವ ನಿಮಗೆ ಎಲ್ಲಕ್ಕಿಂತ ಹೊಸದಾಗಿ ಕಾಣುವುದು ಬೇರೆ ವಿಷಯ. ಅಲ್ಲಿ ಕಿವಿಯನ್ನು ಪೂರ್ತಿ ನಂಬುವ ಹಾಗಿಲ್ಲ. 20 ಜನ ಅರ್ಧ ಚಂದ್ರದ ಹಾಗೆ ನಿಂತಾಗ ಪಕ್ಕದವರನ್ನು ಕೇಳಿಕೊಂಡು ಹಾಡುತ್ತೀರಿ ಅಲ್ವಾ? ದೊಡ್ಡ ವೇದಿಕೆಯಲ್ಲಿ ಕೋರಸ್ ಇರುವುದು ಆರ್ಕೆಸ್ಟ್ರಾದ ಹಿಂದೆ. ಕಂಡಕ್ಟರ್‌ನಿಂದ 15 ಮೀಟರ್ ದೂರ ಅಂತ ಇಟ್ಟುಕೊಳ್ಳಿ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಅಂದರೆ ಮುಂದಿನ ಸಾಲಿನ ವಯೊಲಿನ್ ನಿಮ್ಮ ಕಿವಿಗೆ ಬೀಳುವಷ್ಟರಲ್ಲಿ 44 ಮಿಲಿಸೆಕೆಂಡ್ ಕಳೆದಿರುತ್ತದೆ. ನೀವು ಅದನ್ನು ಕೇಳಿ ಹಾಡಿದರೆ ನಿಮ್ಮ ದನಿ ಅಲ್ಲಿಗೆ ವಾಪಸ್ ಹೋಗಲು ಇನ್ನೊಂದು 44. ಒಟ್ಟು ಸೇರಿದರೆ ಸೆಕೆಂಡಿನ ಹತ್ತನೇ ಒಂದು ಭಾಗಕ್ಕೆ ಹತ್ತಿರ. ವೇಗದ ಹಾಡಿನಲ್ಲಿ ಒಂದು ಪುಟ್ಟ ಸ್ವರ ಹುಟ್ಟಿ ಸಾಯುವುದಕ್ಕೆ ಇಷ್ಟು ಹೊತ್ತೇ ಸಾಕು. ಕೇಳುವವರಿಗೆ ಕೋರಸ್ ಎಳೆದಾಡುತ್ತಿದೆ ಅನ್ನಿಸುತ್ತದೆ.

ಅದಕ್ಕೇ ಕಣ್ಣಿಂದ ಹಾಡಬೇಕು ಅನ್ನುವುದು. ಬೆಳಕು ತಡ ಮಾಡುವುದಿಲ್ಲ. ಕಂಡಕ್ಟರ್ ಕೈ ಕೆಳಗೆ ಬಂದ ಕ್ಷಣಕ್ಕೆ ನಿಮ್ಮ ಸ್ವರ ಹೊರಗೆ ಬಿದ್ದಿರಬೇಕು, ಎದುರಿನ ವಯೊಲಿನ್ ಇನ್ನೂ ಶುರುವಾಗಿಲ್ಲ ಅಂತ ನಿಮ್ಮ ಕಿವಿ ಹೇಳುತ್ತಿದ್ದರೂ. ಮೊದಲ ಕೆಲವು ವಾರ ಇದು ಹಿಂಸೆ ಅನ್ನಿಸುತ್ತದೆ. ಎಲ್ಲರಿಗಿಂತ ಮುಂದೆ ಓಡುತ್ತಿದ್ದೇನೆ ಅನ್ನುವ ಭಾವ ಹೋಗುವುದೇ ಇಲ್ಲ. ಒಮ್ಮೆ ರಿಹರ್ಸಲ್ ಮಧ್ಯೆ ಕೆಳಗೆ ಇಳಿದು, ಹಾಲ್‌ನ ನಡುವಿನ ಕುರ್ಚಿಯಲ್ಲಿ ಕೂತು ಕೇಳಿ. ಸರಿಯಾಗಿಯೇ ಇತ್ತು ಅಂತ ಆಗ ಗೊತ್ತಾಗುತ್ತದೆ. ನನಗೆ ನಂಬಿಕೆ ಬಂದದ್ದು ಹಾಗೇ.

ಉಸಿರಿನ ವಿಷಯವೂ ಹೀಗೇ. ಬೇತೊವನ್ ಅವರ ಒಂಬತ್ತನೇ ಸಿಂಫನಿಯ ಕೊನೆಯ ಭಾಗದಲ್ಲಿ ಸೊಪ್ರಾನೊಗಳು, ಅಂದರೆ ಹೆಂಗಸರ ಮೇಲುದನಿಯವರು, ಮೇಲಿನ 'ಎ' ಸ್ವರವನ್ನು ಎಷ್ಟೋ ಬಾರ್ (ತಾಳದ ಆವರ್ತ) ಬಿಡದೆ ಹಿಡಿಯಬೇಕು. ಒಬ್ಬರ ಎದೆಯಲ್ಲಿ ಅಷ್ಟು ಗಾಳಿ ಇರುವುದಿಲ್ಲ. ಹಾಗಾಗಿ ಸರದಿಯ ಮೇಲೆ ಉಸಿರು ತೆಗೆಯುತ್ತಾರೆ. ಪಕ್ಕದವರು ಉಸಿರು ತೆಗೆದಾಗ ನೀವು ತೆಗೆಯಬಾರದು. ಎಲ್ಲರಿಗೂ ತೋಚುವ ಜಾಗದಲ್ಲಿ, ಅಂದರೆ ಬಾರ್ ಗೆರೆಯ ಹತ್ತಿರ, ತೆಗೆಯಲೇಬಾರದು. ಸ್ವರದ ನಡುವೆ ಮೆಲ್ಲಗೆ ಜಾರಿಕೊಂಡು ಹೊರಗೆ ಬಂದು, ಉಸಿರು ತುಂಬಿಕೊಂಡು, ಅಷ್ಟೇ ಮೆಲ್ಲಗೆ ಒಳಗೆ ಸೇರಬೇಕು. ನೀವು ಇಲ್ಲದ ಆ ಒಂದು ಸೆಕೆಂಡ್ ನಿಮ್ಮ ಸ್ವರವನ್ನು ಪಕ್ಕದವರು ಹೊತ್ತಿರುತ್ತಾರೆ. ಅವರು ಇಲ್ಲದಾಗ ನೀವು. ಮೊದಲ ಸಲ ಇದು ಕೈಗೂಡಿದಾಗ ಆಗುವ ಖುಷಿ ಬೇರೆಯೇ.

ಇನ್ನು ಮಾತು. ಸಿಂಫನಿ ಕೋರಸ್‌ನಲ್ಲಿ ವರ್ಷಕ್ಕೆ ನಾಲ್ಕೈದು ಭಾಷೆ ಬಾಯಿಗೆ ಬರುತ್ತವೆ. ಲ್ಯಾಟಿನ್, ಜರ್ಮನ್ ಯಾವಾಗಲೂ ಇದ್ದೇ ಇರುತ್ತವೆ. ಬರ್ನ್‌ಸ್ಟೈನ್ ಅವರ 1965ರ 'ಚಿಚೆಸ್ಟರ್ ಸಾಮ್ಸ್' ಬಂದರೆ ಹೀಬ್ರೂ. ಯಾನಾಚೆಕ್ ಅವರ 'ಗ್ಲಾಗೊಲಿಟಿಕ್ ಮಾಸ್' ಬಂದರೆ ಹಳೆಯ ಸ್ಲಾವೊನಿಕ್. ಲ್ಯಾಟಿನ್‌ನಲ್ಲೂ ಎರಡು ದಾರಿ ಇದೆ. ಸ್ವರ್ಗ ಅನ್ನುವ ಅರ್ಥದ ಪದವನ್ನು ಇಟಲಿಯವರ ಹಾಗೆ 'ಚೇಲಿ' ಅನ್ನಬೇಕೋ, ಜರ್ಮನರ ಹಾಗೆ 'ತ್ಸೇಲಿ' ಅನ್ನಬೇಕೋ ಅನ್ನುವುದು ಕಂಡಕ್ಟರ್ ತೀರ್ಮಾನ.

ಇಲ್ಲಿ ಕನ್ನಡದವರಿಗೆ ಒಂದು ಅನುಕೂಲ ಇದೆ, ಒಂದು ಅಡ್ಡಿಯೂ ಇದೆ. ಅನುಕೂಲ ಅಂದರೆ ನಮ್ಮ ಆ, ಏ, ಈ, ಓ, ಊ. ಇಟಲಿಯ ರೀತಿಯ ಲ್ಯಾಟಿನ್‌ಗೆ ಇವು ಹೆಚ್ಚುಕಮ್ಮಿ ಇದ್ದ ಹಾಗೇ ಹೊಂದುತ್ತವೆ. ಇಂಗ್ಲಿಷ್ ಮಾತಾಡಿ ಬೆಳೆದವರು 'ಏ' ಅನ್ನುವುದನ್ನು 'ಏಯ್' ಮಾಡದೆ ನೆಟ್ಟಗೆ ಹಿಡಿಯಲು ತಿಂಗಳುಗಟ್ಟಲೆ ಒದ್ದಾಡುವುದನ್ನು ನೋಡಿದ್ದೇನೆ. ನಮಗೆ ಅದು ಹುಟ್ಟಿನಿಂದ ಬಂದಿದೆ. ಅಡ್ಡಿ ಇರುವುದು ಪದದ ಕೊನೆಯಲ್ಲಿ. ಬಸ್ಸು, ಕಾರು, ಪೆನ್ನು ಅಂತ ಎಲ್ಲದಕ್ಕೂ ಒಂದು 'ಉ' ಸೇರಿಸಿ ಮುಗಿಸುವ ಬಾಯಿ ನಮ್ಮದು. ಲ್ಯಾಟಿನ್‌ನ 'ಎತ್ ಲುಕ್ಸ್' ಅನ್ನುವುದು ನಮಗೇ ಗೊತ್ತಾಗದ ಹಾಗೆ 'ಎತ್ತು ಲುಕ್ಸು' ಆಗಿಬಿಡುತ್ತದೆ. ಮನೆಯಲ್ಲಿ ರೆಕಾರ್ಡ್ ಮಾಡಿ ಕೇಳಿಕೊಳ್ಳಿ. ಆ 'ಉ' ಬಿಡಿಸಿಕೊಳ್ಳುವುದು ಸುಲಭ, ಗಮನಕ್ಕೆ ಬರಬೇಕು ಅಷ್ಟೇ.

ಪದ ಮುಗಿಸುವ ಹೊತ್ತೂ ಬಹಳ ಮುಖ್ಯ. 150 ಜನ ತಮಗೆ ತೋಚಿದಾಗ 'ಸ್' ಅಂದರೆ ಹಾವು ಬುಸುಗುಟ್ಟಿದ ಹಾಗೆ ಕೇಳಿಸುತ್ತದೆ. ಅದಕ್ಕೇ ಸ್ಕೋರ್‌ನಲ್ಲಿ ಪೆನ್ಸಿಲ್‌ನಿಂದ ಗುರುತು ಮಾಡಿಸುತ್ತಾರೆ: ಈ 'ಸ್' ತಾಳದ ಮೂರನೇ ಪೆಟ್ಟಿಗೆ, ಈ 'ತ್' ನಾಲ್ಕನೆಯದಕ್ಕೆ. ಕೆಲವು ಕೋರಸ್ ಮಾಸ್ಟರ್‌ಗಳು ಅರ್ಧ ಜನ ಮಾತ್ರ 'ಸ್' ಹೇಳಿ, ಉಳಿದವರು ಬಿಟ್ಟುಬಿಡಿ ಅನ್ನುತ್ತಾರೆ. ಕೇಳಿದಾಗ ವಿಚಿತ್ರ ಅನ್ನಿಸಬಹುದು. ಹಾಲ್‌ನಲ್ಲಿ ಕೂತವರಿಗೆ ಅದು ಒಂದೇ ಬಾಯಿಂದ ಬಂದ ಹಾಗೆ ಕೇಳಿಸುತ್ತದೆ.

ಕೋರಸ್ ಮಾಸ್ಟರ್ ಅಂತ ಆಗಲಿಂದ ಹೇಳುತ್ತಿದ್ದೇನೆ. ಅವರ ಕೆಲಸ ಏನು ಅಂತ ಹೇಳಲೇಬೇಕು. ಕಾನ್ಸರ್ಟ್ ದಿನ ಕೈ ಎತ್ತುವುದು ಆರ್ಕೆಸ್ಟ್ರಾದ ಕಂಡಕ್ಟರ್. ಆದರೆ ಅದಕ್ಕೆ ಹಿಂದಿನ ಆರೆಂಟು ವಾರ, ವಾರಕ್ಕೆ ಒಂದು ಸಂಜೆ, ಎರಡೂವರೆ ಮೂರು ಗಂಟೆ ಹೊತ್ತು, ಬರೀ ಪಿಯಾನೊ ಇಟ್ಟುಕೊಂಡು ಕಲಿಸುವವರು ಕೋರಸ್ ಮಾಸ್ಟರ್. ಕಂಡಕ್ಟರ್ ಕೊನೆಯ ವಾರ ಬರುತ್ತಾರೆ. ಪಿಯಾನೊ ಜೊತೆ ಒಮ್ಮೆ, ಆರ್ಕೆಸ್ಟ್ರಾ ಜೊತೆ ಒಂದೆರಡು ಸಲ, ಆಮೇಲೆ ಕಾನ್ಸರ್ಟ್. ತಾನು ಕಟ್ಟಿದ್ದನ್ನು ಇನ್ನೊಬ್ಬರ ಕೈಗೆ ಕೊಟ್ಟು, ಹಾಲ್‌ನ ಹಿಂದೆ ಎಲ್ಲೋ ಕೂತು ಕೇಳಿ, ಕೊನೆಗೆ ಒಂದು ನಮಸ್ಕಾರಕ್ಕೆ ವೇದಿಕೆಗೆ ಬರುವವರು ಇವರು. ಈ ಕೆಲಸ ಮಾಡುವವರ ಬಗ್ಗೆ ನನಗೆ ಬಹಳ ಗೌರವ ಇದೆ.

ಮಾರ್ಗರೆಟ್ ಹಿಲ್ಲಿಸ್ ಅವರ ಹೆಸರು ನೀವು ಕೇಳಿರಲೇಬೇಕು. 1957ರಲ್ಲಿ ಚಿಕಾಗೊ ಸಿಂಫನಿಯ ಕಂಡಕ್ಟರ್ ಫ್ರಿಟ್ಸ್ ರೈನರ್ ಅವರಿಗಾಗಿ ಚಿಕಾಗೊ ಸಿಂಫನಿ ಕೋರಸ್ ಕಟ್ಟಿದವರು ಇವರು. ಆ ಕಾಲದಲ್ಲಿ ಹೆಂಗಸರ ಕೈಗೆ ದೊಡ್ಡ ಆರ್ಕೆಸ್ಟ್ರಾ ಕೊಡುವ ಮಾತೇ ಇರಲಿಲ್ಲ ಅನ್ನಬಹುದು. ಆರ್ಕೆಸ್ಟ್ರಾ ನಡೆಸುವ ಆಸೆ ಇದ್ದ ಹಿಲ್ಲಿಸ್ ಅದಕ್ಕೇ ಕೋರಸ್‌ನ ದಾರಿ ಹಿಡಿದರು. 1994ರವರೆಗೆ, 37 ವರ್ಷ, ಆ ಕೋರಸ್ ನಡೆಸಿದರು. ಒಂಬತ್ತು ಗ್ರ್ಯಾಮಿ ಪ್ರಶಸ್ತಿ ಬಂದವು. 1977ರ ಅಕ್ಟೋಬರ್ 31ರಂದು ನ್ಯೂಯಾರ್ಕ್‌ನ ಕಾರ್ನೆಗಿ ಹಾಲ್‌ನಲ್ಲಿ ಮಾಲರ್ ಅವರ ಎಂಟನೇ ಸಿಂಫನಿ ಇತ್ತು. ಕಂಡಕ್ಟರ್ ಗಿಯೋರ್ಗ್ ಶೋಲ್ಟಿ ಬಿದ್ದು ಪೆಟ್ಟು ಮಾಡಿಕೊಂಡರು. ಕೊನೆ ಗಳಿಗೆಯಲ್ಲಿ ಹಿಲ್ಲಿಸ್ ನಿಂತು ನಡೆಸಿಕೊಟ್ಟರು. ಆ ಕೃತಿಯ ಗಾತ್ರ ಎಂಥದ್ದು ಗೊತ್ತಾ? 1910ರಲ್ಲಿ ಮ್ಯೂನಿಕ್‌ನಲ್ಲಿ ಮೊದಲ ಸಲ ಹಾಡಿದಾಗ ವಿಯೆನ್ನಾದಿಂದ, ಲೈಪ್‌ಜಿಗ್‌ನಿಂದ ದೊಡ್ಡ ಕೋರಸ್‌ಗಳು ಬಂದಿದ್ದವು. ಮ್ಯೂನಿಕ್‌ನ ಮಕ್ಕಳೇ 350 ಜನ. ಎಲ್ಲ ಸೇರಿ ವೇದಿಕೆಯ ಮೇಲೆ ಸಾವಿರದ ಮೇಲಿದ್ದರು. ಅಂಥದ್ದನ್ನು ಏಕಾಏಕಿ ಎತ್ತಿಕೊಳ್ಳಲು ಹಿಲ್ಲಿಸ್ ಅವರಿಗೆ ಹೇಗೆ ಸಾಧ್ಯವಾಯಿತು? ಹಾಡುವವರಿಗೆ ಒಂದೊಂದು ಸ್ವರವನ್ನೂ ಕಲಿಸಿದವರು ಅವರೇ ಆಗಿದ್ದರು.

ಅಮೆರಿಕದ ರಾಬರ್ಟ್ ಶಾ ಇಂಥ ಇನ್ನೊಬ್ಬರು. ಮೊದಲು ಕ್ಲೀವ್‌ಲ್ಯಾಂಡ್, ಆಮೇಲೆ ಅಟ್ಲಾಂಟಾ. ಅವರು ಮಾತು ತೆಗೆದುಹಾಕಿ ಬರೀ ಎಣಿಕೆ ಹಾಡಿಸುತ್ತಿದ್ದರು: ಒನ್ ಆ್ಯಂಡ್ ಟೂ ಆ್ಯಂಡ್ ಟೀ ಆ್ಯಂಡ್ ಫೋರ್ ಆ್ಯಂಡ್. 'ಥ್ರೀ' ಅನ್ನಲು ನಾಲಗೆ ತಡವರಿಸುತ್ತದೆ ಅಂತ 'ಟೀ'. ಮೆಲ್ಲಗೆ, ಎಣಿಸುತ್ತಾ, ತಮ್ಮ ತಮ್ಮ ಸ್ವರವನ್ನೇ ಹಾಡಬೇಕು. ಗಂಟಲಿಗೆ ದಣಿವಿಲ್ಲ, ಲಯ ಮೂಳೆಗೆ ಇಳಿಯುತ್ತದೆ. ನಮಗೂ ಹೀಗೇ ಕಲಿಸಿದರು. ಮೊದಲ ದಿನ ಬೇಜಾರಾಯಿತು. ಮೂರನೇ ವಾರ ಮಾತು ವಾಪಸ್ ಸೇರಿಸಿದಾಗ, ಒಂದೇ ಮಟ್ಟನ್ನು ಸಾಲುಗಳು ಒಂದರ ಹಿಂದೊಂದು ಎತ್ತಿಕೊಳ್ಳುವ ಒಂದು ದೊಡ್ಡ ಫ್ಯೂಗ್ ಎಲ್ಲೂ ಮುಗ್ಗರಿಸದೆ ತಾನಾಗಿಯೇ ನಿಂತುಕೊಂಡಿತು. ಮನೆಯಲ್ಲಿ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

ಸಂಬಳದ ಪ್ರಶ್ನೆ ನೀವು ಸರಿಯಾಗಿಯೇ ಕೇಳಿದ್ದೀರಿ. ಇದಕ್ಕೆ ಹಳೆಯ ಬೇರಿದೆ. 1791ರಲ್ಲಿ ಬರ್ಲಿನ್‌ನಲ್ಲಿ ಫಾಶ್ ಎಂಬುವರು ಶುರು ಮಾಡಿದ ಸಿಂಗ್ ಅಕಾಡೆಮಿಯಲ್ಲಿ ಹೆಂಗಸರು ಗಂಡಸರು ಒಟ್ಟಿಗೆ ಸೇರಿ ಪ್ರೀತಿಗಾಗಿ ಹಾಡುತ್ತಿದ್ದರು. 1829ರಲ್ಲಿ 20 ವರ್ಷದ ಮೆಂಡೆಲ್‌ಸನ್ ಅದೇ ಕೋರಸ್ ಇಟ್ಟುಕೊಂಡು ಬಾಖ್ ಅವರ 'ಸೇಂಟ್ ಮ್ಯಾಥ್ಯೂ ಪ್ಯಾಶನ್' ಹಾಡಿಸಿದರು. ಜನ ಮರೆತೇಬಿಟ್ಟಿದ್ದ ಕೃತಿ ಮತ್ತೆ ಬದುಕಿತು. 1858ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಹ್ಯಾಲೆ ಆರ್ಕೆಸ್ಟ್ರಾ ಜೊತೆಗೇ ಹ್ಯಾಲೆ ಕ್ವಾಯರ್ ಹುಟ್ಟಿತು. 1966ರ ಲಂಡನ್ ಸಿಂಫನಿ ಕೋರಸ್, 1970ರಲ್ಲಿ ಬಾಸ್ಟನ್ ಸಿಂಫನಿಗಾಗಿ ಶುರುವಾದ ಟ್ಯಾಂಗಲ್‌ವುಡ್ ಫೆಸ್ಟಿವಲ್ ಕೋರಸ್, ಅಟ್ಲಾಂಟಾದ ಕೋರಸ್, ಇವೆಲ್ಲ ಸಂಬಳವಿಲ್ಲದೆ ಹಾಡುವವರದ್ದೇ. ಹಗಲು ಬೇರೆ ಕೆಲಸ ಮಾಡಿ ಸಂಜೆ ಬಂದು ಹಾಡುವವರು. ಟ್ಯಾಂಗಲ್‌ವುಡ್‌ನವರು ಪುಸ್ತಕ ಹಿಡಿಯದೆ ಬಾಯಿಪಾಠದಿಂದ ಹಾಡಿ ಹೆಸರಾದರು. ಅಟ್ಲಾಂಟಾದವರು 2003ರಲ್ಲಿ ಬರ್ಲಿನ್‌ಗೆ ಹೋಗಿ ಬರ್ಲಿನ್ ಫಿಲ್‌ಹಾರ್ಮೊನಿಕ್ ಜೊತೆ ಬ್ರಿಟನ್ ಅವರ 'ವಾರ್ ರೆಕ್ವಿಯಂ' ಹಾಡಿದರು. ಸಂಬಳ ಇಲ್ಲ ಅಂದರೆ ಮಟ್ಟ ಕಡಿಮೆ ಅಂತ ಅರ್ಥವಲ್ಲ.

ಸಂಬಳ ಕೊಡುವ ಕೋರಸ್‌ಗಳೂ ಇವೆ. 1925ರಿಂದ ಇರುವ ಬರ್ಲಿನ್ ರೇಡಿಯೊ ಕೋರಸ್, 1946ರ ಬವೇರಿಯನ್ ರೇಡಿಯೊ ಕೋರಸ್ ಪೂರ್ತಿ ವೃತ್ತಿಪರರದ್ದು. ಅವುಗಳ ಗಾತ್ರ ಸಣ್ಣದು. ಚಿಕಾಗೊ, ಸ್ಯಾನ್ ಫ್ರಾನ್ಸಿಸ್ಕೊದಂಥ ಕಡೆ ಸಂಬಳದವರು, ಸಂಬಳವಿಲ್ಲದವರು ಒಟ್ಟಿಗೆ ನಿಲ್ಲುತ್ತಾರೆ. ಅಲ್ಲಿ ತಕರಾರೂ ಬರುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಸಿಂಫನಿ ಕೋರಸ್‌ನ ಸಂಬಳದ ಗಾಯಕರು ಕಡಿತದ ವಿರುದ್ಧ ಮುಷ್ಕರ ಹೂಡಿದರು. ವೆರ್ದಿ ರೆಕ್ವಿಯಂ ಕಾನ್ಸರ್ಟ್‌ಗಳು ರದ್ದಾದವು.

ನನ್ನ ಅಭಿಪ್ರಾಯ ಹೇಳುತ್ತೇನೆ. ಪ್ರೀತಿಗಾಗಿ ಹಾಡುವುದರಲ್ಲಿ ಅನ್ಯಾಯ ಇಲ್ಲ. ಆದರೆ ದುಡಿದು ತಿನ್ನುವ ಗಾಯಕರನ್ನು ಬಿಡಿಸಿ ಆ ಜಾಗಕ್ಕೆ ಪುಕ್ಕಟೆ ಜನರನ್ನು ತುಂಬುವುದು ತಪ್ಪು. ಹಾಗೇ, ಸಂಬಳ ಕೊಡದ ಆರ್ಕೆಸ್ಟ್ರಾ ಬೇರೆ ರೀತಿಯಲ್ಲಿ ಕೊಡಬೇಕು. ಒಳ್ಳೆಯ ಕೋರಸ್ ಮಾಸ್ಟರ್, ದನಿ ತಿದ್ದುವ ಪಾಠ, ಭಾಷೆ ಹೇಳಿಕೊಡುವವರು, ಪ್ರವಾಸದ ಖರ್ಚು. ಆಡಿಷನ್ ಮುಗಿದ ಮೇಲೆ ಸಂಕೋಚ ಬಿಟ್ಟು ಕೇಳಿ: ಸ್ಕೋರ್ ಯಾರು ಕೊಡುತ್ತಾರೆ, ಸದಸ್ಯತ್ವದ ಹಣ ಇದೆಯಾ, ವರ್ಷಕ್ಕೆ ಎಷ್ಟು ರಿಹರ್ಸಲ್, ಎಷ್ಟು ತಪ್ಪಿಸಬಹುದು. ಕಾನ್ಸರ್ಟ್ ವಾರದಲ್ಲಿ ನಾಲ್ಕೈದು ಸಂಜೆ ಪೂರ್ತಿ ಹೋಗುತ್ತವೆ. ಮನೆಯವರಿಗೂ ಈಗಲೇ ಹೇಳಿಡಿ.

ಆಡಿಷನ್‌ನಲ್ಲಿ ಸಾಮಾನ್ಯವಾಗಿ ನೀವು ತಯಾರು ಮಾಡಿಕೊಂಡು ಬಂದ ಒಂದು ಹಾಡು, ದನಿಯ ಮೇಲು ಕೆಳಗಿನ ಮಿತಿ ನೋಡಲು ಸ್ವರಗಳು, ಹಿಂದೆಂದೂ ನೋಡದ ನೊಟೇಶನ್ ಓದಿ ಹಾಡುವುದು, ಪಿಯಾನೊದಲ್ಲಿ ನುಡಿಸಿದ ಐದಾರು ಸ್ವರ ನೆನಪಿಟ್ಟು ವಾಪಸ್ ಹಾಡುವುದು ಇರುತ್ತವೆ. ದನಿ ಎಷ್ಟು ಚೆಂದ ಅನ್ನುವುದನ್ನು ನಾವು ಮೊದಲ ಅರ್ಧ ನಿಮಿಷದಲ್ಲೇ ಕೇಳಿ ಪಕ್ಕಕ್ಕಿಡುತ್ತೇವೆ. ಆಮೇಲೆ ನೋಡುವುದು ಬೇರೆ. ಒಂದು ಸ್ವರವನ್ನು ಮೆಲ್ಲಗೆ ಹಿಡಿದಾಗ ಶ್ರುತಿ ಕೆಳಗೆ ಜಾರುತ್ತದಾ? ಕಂಪನ ಕಡಿಮೆ ಮಾಡಿ ಅಂದರೆ ಆಗುತ್ತದಾ? ತಪ್ಪಿದಾಗ ಏನು ಮಾಡುತ್ತೀರಿ?

ಈ ಕೊನೆಯದಕ್ಕೆ ಒಂದು ಘಟನೆ ಹೇಳುತ್ತೇನೆ. ಒಂದು ಸಂಜೆ ಇಬ್ಬರು ಆಲ್ಟೊಗಳು ಒಬ್ಬರ ಹಿಂದೆ ಒಬ್ಬರು ಬಂದರು. ಮೊದಲನೆಯವರದ್ದು ಕಿಟಕಿ ಗಾಜು ಅದುರುವಂಥ ದನಿ. ಇನ್ನೂ ಮೆಲ್ಲಗೆ ಹಾಡಿ ಅಂತ ಮೂರು ಸಲ ಕೇಳಿದೆವು, ಆಗಲಿಲ್ಲ. ಎರಡನೆಯವರು ನೊಟೇಶನ್ ಓದುವಾಗ ಐದನೇ ಬಾರ್‌ನಲ್ಲೇ ದಾರಿ ತಪ್ಪಿದರು. ಹಾಡು ನಿಂತಿತು, ಆದರೆ ಬೆರಳು ತೊಡೆಯ ಮೇಲೆ ತಾಳ ಹಾಕುತ್ತಲೇ ಇತ್ತು. ಎರಡು ಬಾರ್ ಕಳೆದು ಸರಿಯಾದ ಸ್ವರಕ್ಕೆ, ಸರಿಯಾದ ಪೆಟ್ಟಿಗೆ ಬಂದು ಸೇರಿಕೊಂಡರು. ನಾವು ಕರೆದದ್ದು ಎರಡನೆಯವರನ್ನು. ದೊಡ್ಡ ಕೋರಸ್‌ನಲ್ಲಿ ಎಲ್ಲರೂ ಯಾವಾಗಲೋ ಒಮ್ಮೆ ದಾರಿ ತಪ್ಪುತ್ತಾರೆ. ಆರ್ಕೆಸ್ಟ್ರಾ ಯಾರಿಗಾಗಿಯೂ ನಿಲ್ಲುವುದಿಲ್ಲ. ಎಣಿಸುತ್ತಾ ವಾಪಸ್ ಬರುವವರು ಬೇಕು.

ನೀವು ಆಲ್ಟೊ ಆಗಿರುವುದರಿಂದ ಇನ್ನೊಂದು ಮಾತು. ಹಾಡಿನ ಮಟ್ಟು ನಿಮ್ಮ ಸಾಲಿಗೆ ಸಿಗುವುದು ಅಪರೂಪ. ಒಂದೇ ಸ್ವರ ಎಂಟು ಬಾರ್ ಬರುತ್ತದೆ, ಮೇಲೆ ಕೆಳಗೆ ಎಲ್ಲವೂ ಬದಲಾಗುತ್ತಿರುತ್ತದೆ. ಒಂದೇ ಸ್ವರವನ್ನು ಮತ್ತೆ ಮತ್ತೆ ಹಾಡುವಾಗ ಶ್ರುತಿ ಗೊತ್ತಾಗದ ಹಾಗೆ ಇಳಿಯುತ್ತದೆ. ಪ್ರತಿ ಸಲವೂ ಒಂದು ಮೆಟ್ಟಿಲು ಹತ್ತಿ ಅದೇ ಸ್ವರಕ್ಕೆ ಬಂದೆ ಅಂತ ಅಂದುಕೊಂಡು ಹಾಡಿ, ನಿಲ್ಲುತ್ತದೆ. ಮನೆಯಲ್ಲಿ ಸೊಪ್ರಾನೊ ಸಾಲನ್ನು ಕೀಬೋರ್ಡ್‌ನಲ್ಲಿ ನುಡಿಸುತ್ತಾ ಆಲ್ಟೊ ಸಾಲನ್ನು ಹಾಡುವ ಅಭ್ಯಾಸ ಇವತ್ತೇ ಶುರು ಮಾಡಿ. ಆಡಿಷನ್‌ಗೆ ಒಪೆರಾದ ದೊಡ್ಡ ಹಾಡು ಬೇಡ. ಉದ್ದದ ಸಾಲುಗಳಿರುವ, ನಿಧಾನದ, ನಿಮಗೆ ಇಷ್ಟವಾದ ಒಂದು ಹಾಡು ಸಾಕು. ಆಯ್ಕೆಯಾದ ಮೇಲೂ ಹಲವು ಕೋರಸ್‌ಗಳಲ್ಲಿ ಎರಡು ಮೂರು ವರ್ಷಕ್ಕೊಮ್ಮೆ ಮತ್ತೆ ಹಾಡಿ ತೋರಿಸಬೇಕು. ಅದಕ್ಕೆ ಹೆದರಬೇಡಿ, ಎಲ್ಲರದ್ದೂ ಅದೇ ಕಥೆ.

ಮೊದಲ ರಿಹರ್ಸಲ್‌ಗೆ ಹದಿನೈದು ನಿಮಿಷ ಮೊದಲೇ ಹೋಗಿ. ಬಹಳ ವರ್ಷದಿಂದ ಹಾಡುತ್ತಿರುವ ಒಬ್ಬ ಆಲ್ಟೊ ಪಕ್ಕದಲ್ಲಿ ಕೂರಲು ಆಗುತ್ತದಾ ಅಂತ ಕೇಳಿ. ಅವರ ಸ್ಕೋರ್‌ನಲ್ಲಿ ಇರುವ ಗುರುತುಗಳನ್ನೆಲ್ಲ ನಿಮ್ಮದಕ್ಕೆ ಇಳಿಸಿಕೊಳ್ಳಿ. ಪೆನ್ಸಿಲ್ ಎರಡು ಇರಲಿ, ಪೆನ್ನು ಬೇಡ. ಕಾನ್ಸರ್ಟ್ ರಾತ್ರಿ ಮಾತ್ರ ಆ ಪೆನ್ಸಿಲ್‌ಗಳನ್ನು ಬ್ಯಾಗ್‌ನಲ್ಲೇ ಬಿಟ್ಟು ವೇದಿಕೆ ಹತ್ತಿ.